ಚಳ್ಳಕೆರೆಗೆ ವಿಜ್ಞಾನ ತೀರಿಸಬೇಕಾದ ಬಾಕಿ

2023ರ ಏಪ್ರಿಲ್ 2ರ ಬೆಳಿಗ್ಗೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರೊಂದು ಚಳ್ಳಕೆರೆ ತಾಲ್ಲೂಕಿನ ಪರೀಕ್ಷಾ ವಲಯದಿಂದ ಮೇಲೆದ್ದಿತು. ಅದರ ಕೆಳಗೆ ತೂಗುತ್ತಿದ್ದುದು ಇಸ್ರೊ ಸಂಸ್ಥೆಯ ಮರುಬಳಕೆ ಉಡಾವಣಾ ವಾಹನದ ರೆಕ್ಕೆಯುಳ್ಳ ಮಾದರಿ. ಸಮುದ್ರಮಟ್ಟದಿಂದ ನಾಲ್ಕೂವರೆ ಕಿಲೊಮೀಟರ್ ಎತ್ತರದಲ್ಲಿ ಅದನ್ನು ಬಿಟ್ಟಾಗ, ಪೈಲಟ್ ಇಲ್ಲದ ಆ ವಾಹನ ತನ್ನ ದಾರಿಯನ್ನು ತಾನೇ ಲೆಕ್ಕ ಹಾಕಿಕೊಂಡು 7 ಗಂಟೆ 40 ನಿಮಿಷಕ್ಕೆ ರನ್‌ವೇ ಮೇಲೆ ಇಳಿಯಿತು. ಮರುವರ್ಷ ಮಾರ್ಚ್ 22ರಂದು ಮತ್ತು ಜೂನ್ 23ರಂದು ‘ಪುಷ್ಪಕ್’ ಹೆಸರಿನ ವಾಹನ ಇನ್ನೂ ಕಠಿಣವಾದ ಕೋನಗಳಿಂದ ಅದೇ ನೆಲಕ್ಕೆ ಇಳಿಯಿತು. ಕೊನೆಯ ಸಲ ಅದು ನೆಲ ಮುಟ್ಟಿದಾಗ ವೇಗ ಗಂಟೆಗೆ 320 ಕಿಲೊಮೀಟರ್‌ಗೂ ಹೆಚ್ಚಿತ್ತು. ಇದಕ್ಕೂ ಮೊದಲು ಚಂದ್ರಯಾನದ ಲ್ಯಾಂಡರ್‌ನಲ್ಲಿ ಕೂರಿಸುವ ಸಂವೇದಕಗಳನ್ನು ಪರೀಕ್ಷಿಸಲು ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಕುಳಿಗಳನ್ನು ಹೋಲುವ ಗುಂಡಿಗಳನ್ನು ತೋಡಲಾಗಿತ್ತು. ಚಂದ್ರನ ಮೇಲೆ ಇಳಿಯುವ ವಿದ್ಯೆಯ ಒಂದು ಪಾಠವನ್ನು ಭಾರತ ಕಲಿತದ್ದು ಶೇಂಗಾ ಮತ್ತು ಕಂಬಳಿಗೆ ಹೆಸರಾದ ಈ ಬಯಲುಸೀಮೆಯಲ್ಲಿ. ಆದರೆ ನಾಯಕನಹಟ್ಟಿಯಲ್ಲೋ ದೊಡ್ಡಉಳ್ಳಾರ್ತಿಯಲ್ಲೋ ಇರುವ ಒಂಬತ್ತನೇ ತರಗತಿಯ ವಿದ್ಯಾರ್ಥಿನಿಗೆ ಈ ಪಾಠ ತಲುಪುವ ಬಗೆಗೂ ಬೆಳಗಾವಿಯ ಓದುಗನಿಗೆ ತಲುಪುವ ಬಗೆಗೂ ವ್ಯತ್ಯಾಸವಿಲ್ಲ. ಇಬ್ಬರೂ ಮರುದಿನದ ಪತ್ರಿಕೆಯನ್ನೇ ನೋಡಬೇಕು.

ಈ ಸ್ಥಿತಿ ಏಕೆ ಸರಿಯಲ್ಲ ಎಂಬುದಕ್ಕೆ ಆ ನೆಲದ ಹಿನ್ನೆಲೆಯನ್ನು ನೆನೆಯಬೇಕು. ಇಲ್ಲಿನ ಕಾವಲುಗಳು ಮೈಸೂರು ಅರಸರ ಬೆಣ್ಣೆ ಚಾವಡಿಯ ಕಾಲದಿಂದ ದನ ಮೇಯಲೆಂದೇ ಮೀಸಲಾದ ಹುಲ್ಲುಗಾವಲುಗಳು. ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ದನದ ತಳಿ, ಸೈನ್ಯದ ಸರಂಜಾಮು ಎಳೆಯುವುದರಲ್ಲಿ ತನ್ನ ವೇಗಕ್ಕೂ ತಾಳಿಕೆಗೂ ಹೆಸರಾಗಿತ್ತು. ರಾಜ್ಯಗಳು ಬದಲಾದರೂ ಕಾವಲು ಉಳಿದಿತ್ತು. ಸುತ್ತಲಿನ ಹತ್ತಾರು ಹಳ್ಳಿಗಳ ಕುರಿ, ಮೇಕೆ, ದನಗಳಿಗೆ ಮೇವು, ಮ್ಯಾಸನಾಯಕರ ದೇವರ ಎತ್ತುಗಳಿಗೆ ನೆಲೆ, ಕುರುಬರ ಕಂಬಳಿ ನೇಯ್ಗೆಗೆ ಉಣ್ಣೆ ಎಲ್ಲವೂ ಈ ಬಯಲಿನಿಂದಲೇ. 2008ರ ನಂತರದ ಕೆಲವೇ ವರ್ಷಗಳಲ್ಲಿ ಈ ಕಾವಲುಗಳ ಸುಮಾರು ಹತ್ತು ಸಾವಿರ ಎಕರೆ ಹೊಸ ಯೋಜನೆಗಳ ಪಾಲಾಯಿತು. ಅದರಲ್ಲಿ ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ 4,290 ಎಕರೆ, ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಉಳ್ಳಾರ್ತಿ ಭಾಗದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ ಮತ್ತು ಇಸ್ರೊಗೆ 573 ಎಕರೆ. ಪಂಚಾಯಿತಿಗಳನ್ನು ಕೇಳದೆ ಕಾವಲು ಕೊಟ್ಟದ್ದನ್ನು ಗ್ರಾಮಸ್ಥರೂ ಪರಿಸರ ಸಂಘಟನೆಯೂ ಪ್ರಶ್ನಿಸಿದರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಯಿತು. 2014ರ ಆಗಸ್ಟ್‌ನಲ್ಲಿ ಬಂದ ತೀರ್ಪಿನ ನಂತರ, ಅಗತ್ಯ ಅನುಮತಿಗಳನ್ನು ಪಡೆಯಬೇಕೆಂಬ ಷರತ್ತಿನೊಂದಿಗೆ ಯೋಜನೆಗಳು ಮುಂದುವರಿದವು. ಕಿಲೊಮೀಟರ್‌ಗಟ್ಟಲೆ ಕಾಂಪೌಂಡ್ ಗೋಡೆಗಳು ಎದ್ದವು. 2017ರ ಮೇ 28ರಂದು ವೈಮಾನಿಕ ಪರೀಕ್ಷಾ ವಲಯದ ಉದ್ಘಾಟನೆಯೂ ಆಯಿತು.

ಆ ಗೋಡೆಗಳನ್ನು ಈಗ ಕೆಡವಬೇಕೆಂದು ನಾನು ವಾದಿಸುತ್ತಿಲ್ಲ. ರಕ್ಷಣೆ, ಬಾಹ್ಯಾಕಾಶ, ಮೂಲ ವಿಜ್ಞಾನ ಮೂರೂ ದೇಶಕ್ಕೆ ಬೇಕು. ಅವುಗಳಿಗೆ ವಿಶಾಲವಾದ ಜಾಗ ಬೇಕೆಂಬುದೂ ನಿಜ. ಆದರೆ ಸರ್ಕಾರ ವಿಜ್ಞಾನಕ್ಕೆ ಕೊಡುವ ಬೆಂಬಲದಲ್ಲಿ ಮೂರು ಪಾಲುಗಳಿರಬೇಕು: ನೆಲ, ಹಣ ಮತ್ತು ಜನರೊಡನೆ ಸಂಬಂಧ. ಚಳ್ಳಕೆರೆಯಲ್ಲಿ ರಾಜ್ಯ ಸರ್ಕಾರ ನೆಲ ಕೊಟ್ಟಿತು, ಕೇಂದ್ರ ಸರ್ಕಾರ ಹಣ ಕೊಟ್ಟಿತು. ಮೂರನೆಯದನ್ನು ಯಾರೂ ತಮ್ಮ ಹೊಣೆ ಎಂದು ತೆಗೆದುಕೊಳ್ಳಲಿಲ್ಲ. ನೆಲ ಹಂಚುವಾಗ ಎಕರೆಗಳ ಲೆಕ್ಕ ಬರೆದ ಆದೇಶಗಳಲ್ಲಿಯೇ, ಈ ಸಂಸ್ಥೆಗಳು ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಜನರ ಭಾಷೆಯಲ್ಲಿ, ಅವರ ಪ್ರಶ್ನೆಗಳ ಮೇಲೆ, ನಿಗದಿತ ಹಣದೊಡನೆ ಕೆಲಸ ಮಾಡಬೇಕೆಂಬ ಷರತ್ತೂ ಇರಬೇಕಿತ್ತು. ಒಳ್ಳೆಯ ಮನಸ್ಸಿನ ಕೆಲವು ವಿಜ್ಞಾನಿಗಳ ಇಚ್ಛೆಗೆ ಬಿಡುವ ಕೆಲಸವಲ್ಲ ಇದು. ಸಾರ್ವಜನಿಕ ನೆಲ ಪಡೆದದ್ದಕ್ಕೆ ತೀರಿಸಬೇಕಾದ ಬಾಕಿ.

ಜನ ಮತ್ತು ವಿಜ್ಞಾನದ ನಡುವೆ ಮಾತುಕತೆ ಇಲ್ಲದಿದ್ದರೆ ಅವರಿಬ್ಬರ ಭೇಟಿ ಹೇಗೆ ಆಗುತ್ತದೆ ಎಂಬುದನ್ನು ಚಿತ್ರದುರ್ಗ ಜಿಲ್ಲೆ ಎರಡು ಸಲ ಕಂಡಿದೆ. 2019ರ ಸೆಪ್ಟೆಂಬರ್ 17ರ ಬೆಳಿಗ್ಗೆ ಪರೀಕ್ಷಾ ಹಾರಾಟದಲ್ಲಿದ್ದ ರುಸ್ತುಂ-2 ಎಂಬ ಮಾನವರಹಿತ ವಿಮಾನ ಜೋಡಿಚಿಕ್ಕೇನಹಳ್ಳಿ ಬಳಿ ಬಿತ್ತು. 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಹೊಲದಲ್ಲಿ ತಪಸ್ ಎಂಬ ಮಾನವರಹಿತ ವಿಮಾನ ಬಿತ್ತು. ಎರಡೂ ಸಲ ಊರ ಜನ ಓಡಿ ಬಂದು, ಮುರಿದ ರೆಕ್ಕೆಗಳ ಸುತ್ತ ಗುಂಪುಗೂಡಿದರು. ಪರೀಕ್ಷೆ ಎಂದ ಮೇಲೆ ವಿಫಲತೆ ಸಹಜ. ಬಿದ್ದ ವಿಮಾನದಿಂದ ಎಂಜಿನಿಯರ್‌ಗಳು ಕಲಿಯುವುದು ಹಾರಿದ ವಿಮಾನದಿಂದ ಕಲಿಯುವುದಕ್ಕಿಂತ ಕಡಿಮೆಯೇನಲ್ಲ. ಆದರೆ ತಮ್ಮ ತಲೆಯ ಮೇಲೆ ಹಾರುತ್ತಿರುವುದು ಏನು, ಅದನ್ನು ಏಕೆ ಹಾರಿಸುತ್ತಾರೆ, ಬಿದ್ದರೆ ಏನು ಮಾಡಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ಮೊದಲೇ ಕನ್ನಡದಲ್ಲಿ ತಿಳಿದುಕೊಂಡ ಊರು ಅದನ್ನು ಎದುರಿಸುವ ರೀತಿಯೇ ಬೇರೆ. ವಿಜ್ಞಾನಕ್ಕೂ ಅದರ ನೆರೆಹೊರೆಗೂ ನಡುವಿನ ಮೊದಲ ಪರಿಚಯ ಅಪಘಾತದ ಸ್ಥಳದಲ್ಲಿ ಆಗಬಾರದು.

ಏನೂ ನಡೆದೇ ಇಲ್ಲ ಎನ್ನುವುದು ಅನ್ಯಾಯದ ಮಾತಾದೀತು. ಕುದಾಪುರದ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರತಿಭಾ ಅಭಿವೃದ್ಧಿ ಕೇಂದ್ರ 2011ರಿಂದ ವಿಜ್ಞಾನ ಮತ್ತು ಗಣಿತದ ಶಿಕ್ಷಕರಿಗೆ ತರಬೇತಿ ಕೊಡುತ್ತ ಬಂದಿದೆ. ಪ್ರಯೋಗಾಲಯವೇ ಕಾಣದೆ ಭೌತವಿಜ್ಞಾನ ಕಲಿಸುತ್ತಿದ್ದ ಶಿಕ್ಷಕರು ಅಲ್ಲಿ ಉಪಕರಣ ಕೈಯಲ್ಲಿ ಹಿಡಿದು, ತಪ್ಪು ಮಾಡಿ, ಮತ್ತೆ ಅಳೆದು ಕಲಿತು ತಮ್ಮ ಶಾಲೆಗಳಿಗೆ ಮರಳಿದ್ದಾರೆ. ಇಂಥ ಸಾವಿರಾರು ಶಿಕ್ಷಕರ ಮೂಲಕ ಆ ಕ್ಯಾಂಪಸ್ಸಿನ ಪ್ರಭಾವ ಎಷ್ಟೋ ತರಗತಿಗಳಿಗೆ ತಲುಪಿದೆ. ನನ್ನ ಮಟ್ಟಿಗೆ ಕಾವಲಿನ ನೆಲದಲ್ಲಿ ನಡೆದಿರುವ ಅತ್ಯುತ್ತಮ ಸಾರ್ವಜನಿಕ ಕೆಲಸ ಇದೇ. ಅದೇ ಆವರಣದಲ್ಲಿ ಸಂಸ್ಥೆಯ ಹವಾಮಾನ ವೀಕ್ಷಣಾಲಯವೂ ಇದೆ. ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳನ್ನೂ ಮಸಿಯನ್ನೂ ಅದು ಅಳೆಯುತ್ತದೆ. ಆದರೆ ಶಿಕ್ಷಕರ ತರಬೇತಿ ಇಡೀ ರಾಜ್ಯಕ್ಕೆ, ಹೊರರಾಜ್ಯಗಳಿಗೂ ಸಲ್ಲುವ ಸೇವೆ. ಕಾವಲು ಕಳೆದುಕೊಂಡ ಊರಿನ ಕುರಿಗಾಹಿ, ಶೇಂಗಾ ಬೆಳೆಗಾರ, ನೇಕಾರ ಮಹಿಳೆ ಅದರ ವ್ಯಾಪ್ತಿಯೊಳಗೆ ಬರುವುದಿಲ್ಲ. ಒಂದು ಸಂಸ್ಥೆ ಮಾಡಿದ ಒಳ್ಳೆಯ ಕೆಲಸವನ್ನು ತೋರಿಸಿ ಉಳಿದ ಮೂರು ಸಂಸ್ಥೆಗಳ ಮೌನವನ್ನು ಮರೆಸಲೂ ಆಗದು.

ಇಂಥ ಕೆಲಸ ನಮ್ಮ ವಿಜ್ಞಾನ ಸಂಸ್ಥೆಗಳಿಗೆ ಹೊಸದೇ? ಅಲ್ಲ. ಇದೇ ಇಸ್ರೊ 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದನ್ನು ಬಳಸಿಕೊಂಡು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಕಾರ್ಯಕ್ರಮಗಳನ್ನು ತಲುಪಿಸಿತು. ಅವುಗಳಲ್ಲಿ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ, ಸಂಜೆ ಕೃಷಿ, ಆರೋಗ್ಯದ ಮಾತು, ಅದೂ ಕನ್ನಡದಲ್ಲಿ. ಸ್ವಂತ ಉಪಗ್ರಹ ಹಾರಿಸಿ ಇನ್ನೂ ಕೆಲವೇ ತಿಂಗಳಾಗಿದ್ದ ಬಡ ದೇಶವೊಂದು, ಬಾಹ್ಯಾಕಾಶ ತಂತ್ರಜ್ಞಾನದ ಮೊದಲ ಫಲವನ್ನು ಹಳ್ಳಿಯ ಚಾವಡಿಗೆ ಒಯ್ಯಬೇಕೆಂದು ನಿರ್ಧರಿಸಿತ್ತು. ಅದಕ್ಕೆ ಒಂದು ವರ್ಷ ಮೊದಲು, 1974ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಹುಟ್ಟಿತು. ತುಮಕೂರು ಜಿಲ್ಲೆಯ ಉಂಗ್ರ ಹಳ್ಳಿಯಲ್ಲಿ ಬೀಡುಬಿಟ್ಟ ಆ ವಿಜ್ಞಾನಿಗಳು ಮೊದಲು ಮಾಡಿದ ಕೆಲಸ ಅಳತೆ: ಒಂದು ಮನೆ ದಿನಕ್ಕೆ ಎಷ್ಟು ಸೌದೆ ಸುಡುತ್ತದೆ, ಅದನ್ನು ತರಲು ಹೆಂಗಸರು ಎಷ್ಟು ನಡೆಯುತ್ತಾರೆ. ಆ ಲೆಕ್ಕದಿಂದ ಅಸ್ತ್ರ ಒಲೆ ಹುಟ್ಟಿತು, ಸುಡದ ಮಣ್ಣಿನ ಇಟ್ಟಿಗೆಯ ತಂತ್ರ ಬೆಳೆಯಿತು, ಗೋಬರ್ ಗ್ಯಾಸಿನಿಂದ ಪುರ ಎಂಬ ಹಳ್ಳಿಗೆ ನೀರು ಮತ್ತು ಬೆಳಕು ಬಂತು. ಈ ಕೆಲಸ ಜಗತ್ತಿನ ಇಂಧನ ತಜ್ಞರ ಗಮನವನ್ನೂ ಸೆಳೆಯಿತು. ಹಳ್ಳಿಯ ಪ್ರಶ್ನೆಯನ್ನು ಎತ್ತಿಕೊಂಡರೆ ವಿಜ್ಞಾನದ ಮಟ್ಟ ಇಳಿಯುತ್ತದೆ ಎಂದು ಹೇಳುವವರು ಉಂಗ್ರದ ಲೆಕ್ಕವನ್ನು ಒಮ್ಮೆ ನೋಡಬೇಕು.

ಚಳ್ಳಕೆರೆಯಲ್ಲೂ ಇಂಥ ಕೆಲಸ ನಡೆಯಲಿ ಎಂದರೆ ಬರುವ ಮೊದಲ ಆಕ್ಷೇಪ ಗೋಪ್ಯತೆಯದು. ಕ್ಷಿಪಣಿ, ಡ್ರೋನು, ಯುರೇನಿಯಂಗೆ ಸಂಬಂಧಿಸಿದ ಆವರಣಗಳನ್ನು ಜಾತ್ರೆಯಂತೆ ತೆರೆದಿಡಲು ಸಾಧ್ಯವೇ ಎಂದು ಕೇಳುತ್ತಾರೆ. ಯಾರೂ ಅದನ್ನು ಕೇಳುತ್ತಿಲ್ಲ. ಶ್ರೀಹರಿಕೋಟಾ ಚಳ್ಳಕೆರೆಗಿಂತ ಕಡಿಮೆ ಸೂಕ್ಷ್ಮವಾದ ಜಾಗವಲ್ಲ. ಆದರೂ 2019ರಲ್ಲಿ ಇಸ್ರೊ ಅಲ್ಲಿ ಉಡಾವಣೆಯನ್ನು ಸಾರ್ವಜನಿಕರು ಕುಳಿತು ನೋಡುವ ಗ್ಯಾಲರಿ ತೆರೆಯಿತು. ಕೇರಳದ ತುಂಬಾದಲ್ಲಿ ಮೀನುಗಾರರ ಊರಿನ ಚರ್ಚ್ ಕಟ್ಟಡವನ್ನು ರಾಕೆಟ್ ಕೇಂದ್ರಕ್ಕೆ ಬಿಟ್ಟುಕೊಡಲಾಯಿತು. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಹಾರಿತು. ಇಂದು ಆ ಚರ್ಚ್ ಕಟ್ಟಡವೇ ಬಾಹ್ಯಾಕಾಶ ವಸ್ತುಸಂಗ್ರಹಾಲಯ. ಜಾಗ ಬಿಟ್ಟುಕೊಟ್ಟ ಸಮುದಾಯದ ನೆನಪೂ ಅದರಲ್ಲಿ ಸೇರಿದೆ. ಗೋಪ್ಯವಾದದ್ದನ್ನು ಮುಚ್ಚಿಟ್ಟು ಉಳಿದದ್ದನ್ನು ತೋರಿಸುವುದು ಹೇಗೆಂದು ಇದೇ ಸಂಸ್ಥೆಗಳಿಗೆ ಚೆನ್ನಾಗಿ ಗೊತ್ತಿದೆ. ಪುಷ್ಪಕ್ ಇಳಿದ ದೃಶ್ಯವನ್ನು ಇಡೀ ಜಗತ್ತಿಗೆ ವಿಡಿಯೊದಲ್ಲಿ ಬಿಡುಗಡೆ ಮಾಡಿದ ಮೇಲೆ, ಅದರ ಮಾದರಿಯೊಂದನ್ನು ಚಳ್ಳಕೆರೆಯಲ್ಲಿ ಇಟ್ಟು ರೆಕ್ಕೆ ಏಕೆ ಹಾಗಿದೆ, ಪ್ಯಾರಾಚೂಟ್ ಏಕೆ ಬೇಕಾಯಿತು ಎಂದು ಮಕ್ಕಳಿಗೆ ವಿವರಿಸಿದರೆ ಯಾವ ರಹಸ್ಯವೂ ಬಯಲಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ ಬಾಗಿಲು ತೆರೆದಾಗ ಸಾವಿರಾರು ಜನ ಮಕ್ಕಳ ಕೈಹಿಡಿದು ಬರುತ್ತಾರೆ. ಕುದಾಪುರದಲ್ಲಿ ಅಂಥ ದಿನ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ತೇರಿನಷ್ಟೇ ಖಚಿತವಾಗಿ, ಪ್ರತಿ ವರ್ಷದ ವಾಡಿಕೆಯಾಗಬೇಕು. ಅಲ್ಲಿಗೆ ಬಸ್ಸಿನ ವ್ಯವಸ್ಥೆಯನ್ನೂ ಸಂಸ್ಥೆಗಳೇ ಮಾಡಬೇಕು.

ಎರಡನೆಯ ಆಕ್ಷೇಪ ವಿಜ್ಞಾನಿಗಳ ಕಡೆಯಿಂದ ಬರುತ್ತದೆ: ನಮ್ಮ ಕೆಲಸ ಸಂಶೋಧನೆ, ವಿವರಿಸುವುದಲ್ಲ; ನಮ್ಮ ಬಡ್ತಿ ನಿರ್ಧಾರವಾಗುವುದು ಪ್ರಬಂಧಗಳಿಂದ. ಇದರಲ್ಲಿ ಸತ್ಯವಿದೆ. ತಪ್ಪು ಅವರದಲ್ಲ, ಅವರ ಕೆಲಸವನ್ನು ಅಳೆಯುವ ಸರ್ಕಾರದ್ದು. 2022ರಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ವೈಜ್ಞಾನಿಕ ಸಾಮಾಜಿಕ ಹೊಣೆಗಾರಿಕೆಯ ಮಾರ್ಗಸೂಚಿ ಹೊರಡಿಸಿ, ವಿಜ್ಞಾನಿಗಳು ವರ್ಷಕ್ಕೆ ಕನಿಷ್ಠ 10 ದಿನ ಸಮಾಜದೊಡನೆ ಕೆಲಸ ಮಾಡಬೇಕೆಂದು ಹೇಳಿತು. ಮಾತು ಚೆನ್ನಾಗಿದೆ. ಆದರೆ ಮರುವರ್ಷ, 2023ರಲ್ಲಿ, ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ವಿಜ್ಞಾನ ಪ್ರಚಾರಕ್ಕೆಂದೇ 1989ರಲ್ಲಿ ಸ್ಥಾಪನೆಯಾಗಿದ್ದ ವಿಜ್ಞಾನ್ ಪ್ರಸಾರ್ ಸಂಸ್ಥೆಯನ್ನೇ ಮುಚ್ಚಲಾಯಿತು. ಅದೇ 2023ರಲ್ಲಿ ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಗುರಿ ಇಟ್ಟುಕೊಂಡ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾನೂನು ಸಂಸತ್ತಿನಲ್ಲಿ ಅಂಗೀಕಾರವಾಯಿತು. ಆ ಹಣದ ಬಹುಪಾಲು ಖಾಸಗಿ ವಲಯದಿಂದ ಬರಬೇಕೆಂಬುದು ಲೆಕ್ಕ. 2020-21ರಲ್ಲಿ ಭಾರತ ಸಂಶೋಧನೆಗೆ ಖರ್ಚು ಮಾಡಿದ್ದು ಒಟ್ಟು ಆಂತರಿಕ ಉತ್ಪನ್ನದ ಶೇ 0.64ರಷ್ಟು ಮಾತ್ರ ಎಂಬುದನ್ನು ನೆನೆದರೆ ಹೆಚ್ಚಿನ ಹಣ ಬೇಕೇ ಬೇಕು. ಹಣ ಹೆಚ್ಚಿಸಿ ಎಂದು ಸರ್ಕಾರವನ್ನು ಒತ್ತಾಯಿಸಬೇಕಾದವರು ಮತದಾರರೇ ಅಲ್ಲವೇ? ತೆರಿಗೆ ಕೊಡುವವರಿಗೆ ಸಂಶೋಧನೆ ಅಂದರೆ ಏನೆಂದು ತಿಳಿಸುವ ಸಂಸ್ಥೆಯನ್ನು ಮುಚ್ಚಿ ಸಂಶೋಧನೆಗೆ ಜನಬೆಂಬಲ ಗಳಿಸುವುದು ಆಗದ ಕೆಲಸ. ಕನ್ನಡದಲ್ಲಿ ಈ ದಾರಿ ಹಿಂದೆಯೇ ತೆರೆದಿತ್ತು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ 1918ರಲ್ಲಿಯೇ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಹೊರಡಿಸಿದ್ದರು. ಎರಡು ವರ್ಷದ ಹೊತ್ತಿಗೆ ಅದು ನಿಂತಿತು. ಕನ್ನಡಕ್ಕೆ ವಿಜ್ಞಾನ ಹೇಳುವ ಶಕ್ತಿ ಆಗಲೇ ಇತ್ತು. ಅದನ್ನು ನಡೆಸಿಕೊಂಡು ಹೋಗುವ ಸ್ಥಿರವಾದ ಬೆಂಬಲ ಆಗ ಇರಲಿಲ್ಲ, ಈಗಲೂ ಸಾಲದು.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿ. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಸೀಮೆ ಇದು; ಜನಕ್ಕೆ ಬೇಕಾದ್ದು ಕುಡಿಯುವ ನೀರು, ಬೆಳೆಗೆ ಬೆಲೆ, ಕೈಗೆ ಕೆಲಸ, ವಿಜ್ಞಾನದ ಭಾಷಣವಲ್ಲ ಎನ್ನುತ್ತಾರೆ. ಆದರೆ ಆ ನೀರು, ಬೆಳೆ, ಕೆಲಸ ಮೂರೂ ವಿಜ್ಞಾನದ ಪ್ರಶ್ನೆಗಳೇ. ನೀರನ್ನೇ ತೆಗೆದುಕೊಳ್ಳಿ. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಅದನ್ನು ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಮೂಳೆ, ಕೀಲು ಬಿಗಿಯುತ್ತವೆ. ಗ್ರಾನೈಟ್ ಬಂಡೆಯ ಬಿರುಕಿನ ನೀರಿನಲ್ಲಿ ಫ್ಲೋರೈಡ್ ಕರಗುವುದು ಸಹಜ. ಬಾವಿ ಆಳವಾದಷ್ಟೂ, ನೀರು ಬಂಡೆಯ ನಡುವೆ ನಿಂತಷ್ಟೂ ಅದು ಹೆಚ್ಚುವ ಸಂಭವವಿದೆ. ಊರೂರಿಗೆ ಶುದ್ಧ ನೀರಿನ ಘಟಕ ಕೊಟ್ಟದ್ದು ಸರಿ. ಆದರೆ ಯಾವ ಬಾವಿಯಲ್ಲಿ ಎಷ್ಟಿದೆ, ಮಳೆಗಾಲದ ನಂತರ ಎಷ್ಟು ಇಳಿಯುತ್ತದೆ, ಘಟಕದ ಫಿಲ್ಟರ್ ಕೆಟ್ಟಾಗ ಏನಾಗುತ್ತದೆ ಎಂಬುದನ್ನು ತಿಳಿಯುವುದು ಪಂಚಾಯಿತಿಯ ಕೈಯಲ್ಲಿಯೇ ಇರಬೇಕು. ಪ್ರೌಢಶಾಲೆಯ ಮಕ್ಕಳು ಕಿಟ್ ಹಿಡಿದು ಅಳೆಯಬಲ್ಲ ಸಂಗತಿ ಇದು. ಕುದಾಪುರದಲ್ಲಿ ತರಬೇತಿ ಪಡೆದ ಶಿಕ್ಷಕರು ಅದನ್ನು ಮಾಡಿಸಬಲ್ಲರು. ಅಳೆದ ಸಂಖ್ಯೆಯನ್ನು ಪಂಚಾಯಿತಿ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಬೇಕು, ಅದರ ಮೇಲೆ ಗ್ರಾಮಸಭೆ ಚರ್ಚಿಸಬೇಕು. ಜನರೊಡನೆ ವಿಜ್ಞಾನ ಎಂದರೆ ನನ್ನ ಕಣ್ಣ ಮುಂದೆ ಬರುವ ಚಿತ್ರ ಇದು. ವೇದಿಕೆಯ ಮೇಲಿನ ಉಪನ್ಯಾಸವಲ್ಲ.

ಬೆಳೆಯ ಮಾತು ಇನ್ನೂ ಸ್ವಾರಸ್ಯದ್ದು. ಚಳ್ಳಕೆರೆಗೆ ಎಣ್ಣೆ ನಗರ ಎಂಬ ಹೆಸರು ಬಂದದ್ದು ಶೇಂಗಾ ಮಿಲ್ಲುಗಳಿಂದ. ತಿಂಡಿವನಂನಿಂದ 1940ರಲ್ಲಿ ಬಿಡುಗಡೆಯಾದ ಟಿಎಂವಿ-2 ತಳಿ ದಶಕಗಳ ಕಾಲ ಈ ಸೀಮೆಯನ್ನು ಆಳಿತು. ಹೂ ಬಿಟ್ಟು ಊಡು ನೆಲಕ್ಕೆ ಇಳಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ರೈತನ ವರ್ಷವೇ ಹೋಯಿತು. ಉಳ್ಳಾರ್ತಿಯಲ್ಲಿ 1,810 ಎಕರೆ ಪಡೆದ ಭಾಭಾ ಅಣು ಸಂಶೋಧನಾ ಕೇಂದ್ರ ಬರಿಯ ಅಣುಶಕ್ತಿಯ ಸಂಸ್ಥೆಯಲ್ಲ. ಅದರ ಟ್ರಾಂಬೆಯ ವಿಜ್ಞಾನಿಗಳು ವಿಕಿರಣದಿಂದ ಬೀಜದಲ್ಲಿ ರೂಪಾಂತರ ಉಂಟುಮಾಡಿ ಆಯ್ಕೆ ಮಾಡಿದ ಶೇಂಗಾ ತಳಿಗಳು ದೇಶದಾದ್ಯಂತ ಹೊಲ ಸೇರಿವೆ. ಟಿಜಿ-1 ಎಂಬ ಮೊದಲ ತಳಿ 1973ರಲ್ಲಿಯೇ ಬಿಡುಗಡೆಯಾಯಿತು. ಆಮೇಲೆ ಬಂದ ಟಿಎಜಿ-24, ಟಿಜಿ-37ಎ ತಳಿಗಳನ್ನು ಹಲವು ರಾಜ್ಯಗಳ ರೈತರು ಬಲ್ಲರು. ಶೇಂಗಾ ವಿಜ್ಞಾನದಲ್ಲಿ ಇಷ್ಟು ಪರಿಣತಿ ಇರುವ ಸಂಸ್ಥೆ ಶೇಂಗಾದ ನಾಡಿಗೇ ಬಂದು ನೆಲ ಪಡೆದಿದೆ. ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ಸಂಶೋಧನಾ ಕೇಂದ್ರದೊಡನೆ ಸೇರಿ, ಚಳ್ಳಕೆರೆ, ಮೊಳಕಾಲ್ಮುರಿನ ರೈತರ ಹೊಲಗಳಲ್ಲಿಯೇ ತಳಿ ಪರೀಕ್ಷೆ ನಡೆಸಿ, ಯಾವುದು ಈ ಕೆಂಪು ಮಣ್ಣಿಗೆ, ಈ ಮಳೆಗೆ ನಿಲ್ಲುತ್ತದೆ ಎಂದು ರೈತರೇ ತೀರ್ಮಾನಿಸುವ ಕಾರ್ಯಕ್ರಮ ಅದಕ್ಕೆ ಕಷ್ಟದ್ದೇನಲ್ಲ. ಇನ್ನು ಕೆಲಸದ ಮಾತು. ಮೊಳಕಾಲ್ಮುರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ಬಣ್ಣ, ನೂಲು, ಮಗ್ಗದ ದಣಿವು ಇವುಗಳ ಮೇಲೂ ಇಂಥದೇ ಕೆಲಸ ಸಾಧ್ಯ.

ಇದಕ್ಕೆ ಪ್ರತಿಯಾಗಿ, ಮೂಲ ವಿಜ್ಞಾನವನ್ನು ಸ್ಥಳೀಯ ಅಗತ್ಯಗಳಿಗೆ ಬಗ್ಗಿಸಬಾರದು ಎಂದು ಕೆಲವರು ಹೇಳಬಹುದು. ಆ ಆತಂಕಕ್ಕೆ ನನ್ನ ಗೌರವವಿದೆ. ನಕ್ಷತ್ರವನ್ನೋ ಪ್ರೋಟೀನನ್ನೋ ಅಭ್ಯಾಸ ಮಾಡುವವರನ್ನು ಶೇಂಗಾ ಹೊಲಕ್ಕೆ ಅಟ್ಟಬೇಕಿಲ್ಲ. ಆದರೆ ಈ ನೆಲದ ವಿಶೇಷವೇ ಒಂದು ಮೂಲ ವಿಜ್ಞಾನದ ವಿಷಯ ಎಂಬುದನ್ನು ಮರೆಯಬಾರದು. ಸರ್ಕಾರಿ ಕಡತಗಳಲ್ಲಿ ಪಾಳು ಎಂದು ಕಾಣುವ ಹುಲ್ಲುಗಾವಲು ಜೀವವೈವಿಧ್ಯದ ನೆಲೆ. ಕೃಷ್ಣಮೃಗ, ತೋಳ, ಬಯಲ ಹಕ್ಕಿಗಳ ಮನೆ. ಹುಲ್ಲು ಇಂಗಾಲವನ್ನು ಬಹುಪಾಲು ಬೇರಿನಲ್ಲಿ, ಮಣ್ಣಿನಲ್ಲಿ ಹಿಡಿದಿಡುತ್ತದೆ. ಬರ ಬಂದರೂ ಬೆಂಕಿ ಬಿದ್ದರೂ ಆ ಸಂಗ್ರಹ ಮರದ ಸಂಗ್ರಹದಷ್ಟು ಬೇಗ ಕಳೆದುಹೋಗದು. ಯಾವ ಹುಲ್ಲು ಯಾವ ಮಳೆಗೆ ಚಿಗುರುತ್ತದೆ, ಎಷ್ಟು ಮೇಯಿಸಿದರೆ ಅದು ಉಳಿಯುತ್ತದೆ ಎಂಬುದನ್ನು ದೇವರ ಎತ್ತು ಕಾಯುವ ಕಿಲಾರಿಗಳು ತಲೆಮಾರುಗಳಿಂದ ಬಲ್ಲರು. ಆ ತಿಳಿವಳಿಕೆಯನ್ನು ದಾಖಲಿಸಿ, ಪರೀಕ್ಷಿಸಿ, ಅವರನ್ನೂ ಸಂಶೋಧನೆಯ ಪಾಲುದಾರರೆಂದು ಹೆಸರಿಸಿ ನಡೆಸುವ ಅಧ್ಯಯನಕ್ಕೆ 1,500 ಎಕರೆಯ ಕ್ಯಾಂಪಸ್ಸಿಗಿಂತ ಒಳ್ಳೆಯ ಜಾಗ ಯಾವುದಿದೆ? ಕಟ್ಟಡವಿಲ್ಲದ ಭಾಗವನ್ನು ಹುಲ್ಲಾಗಿಯೇ ಉಳಿಸಿ, ಋತುವಿಗನುಗುಣವಾಗಿ ಊರ ದನ, ಕುರಿಗೆ ಬಿಟ್ಟು, ಆಗುವ ಬದಲಾವಣೆಯನ್ನು ಅಳೆದರೆ ಅದೇ ಅಂತಾರಾಷ್ಟ್ರೀಯ ಮಟ್ಟದ ಸಂಶೋಧನೆ. ಅಷ್ಟರಮಟ್ಟಿಗೆ ಕಾವಲು ಕಾವಲಾಗಿಯೂ ಉಳಿಯುತ್ತದೆ.

ಮೊಳಕಾಲ್ಮುರಿನ ವಿಷಯಕ್ಕೆ ಬಂದರೆ ವಿಜ್ಞಾನ ಎಂದರೆ ಯಂತ್ರವಷ್ಟೇ ಅಲ್ಲ ಎಂಬುದು ಇನ್ನೂ ಸ್ಪಷ್ಟ. ಈ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಇವುಗಳನ್ನು ಪತ್ತೆ ಮಾಡಿದಾಗ ಮೌರ್ಯರ ಆಡಳಿತ ದಕ್ಷಿಣದಲ್ಲಿ ಎಷ್ಟು ದೂರ ಚಾಚಿತ್ತು ಎಂಬ ತಿಳಿವಳಿಕೆಯೇ ಬದಲಾಯಿತು. ಎಂ. ಎಚ್. ಕೃಷ್ಣ ಅವರು ಇಲ್ಲಿ ಉತ್ಖನನ ನಡೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದ ಪದರಗಳು ದಕ್ಷಿಣ ಭಾರತದ ನವಶಿಲಾಯುಗ, ಬೃಹತ್ ಶಿಲಾ ಸಮಾಧಿಗಳ ಕಾಲಗಣನೆಗೆ ಆಧಾರವಾದವು. ಪುರಾತತ್ವ ಓದುವ ಯಾವ ವಿದ್ಯಾರ್ಥಿಯೂ ಬ್ರಹ್ಮಗಿರಿಯ ಹೆಸರನ್ನು ದಾಟಿ ಮುಂದೆ ಹೋಗಲಾರ. ಪ್ರಭುತ್ವವೊಂದು ತನ್ನ ಉದ್ದೇಶವನ್ನು ಈ ಬಂಡೆಗಳ ಮೇಲೆ ಎಲ್ಲರಿಗೂ ಕಾಣುವಂತೆ ಬರೆಸಿತು. ಸಾಧನೆ ದೊಡ್ಡವರಿಗಷ್ಟೇ ಸಲ್ಲುವುದಲ್ಲ, ಸಣ್ಣವರೂ ಪ್ರಯತ್ನದಿಂದ ಪಡೆಯಬಹುದು ಎಂಬ ಅಭಿಪ್ರಾಯ ಆ ಶಾಸನದಲ್ಲಿದೆ. ಪದರ ಪದರವಾಗಿ ಮಣ್ಣನ್ನು ಓದಿ ಕಾಲ ನಿರ್ಣಯಿಸುವ ವಿದ್ಯೆಯನ್ನು ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. ಚಳ್ಳಕೆರೆಯಲ್ಲೊಂದು ಜನ ವಿಜ್ಞಾನ ಕೇಂದ್ರ ಕಟ್ಟುವುದಾದರೆ ಅದರ ಒಂದು ವಿಭಾಗ ಬ್ರಹ್ಮಗಿರಿಯ ತಪ್ಪಲಿನಲ್ಲಿ ಇರಲಿ.

ಹಣ ಎಲ್ಲಿಂದ ಎಂಬ ಪ್ರಶ್ನೆ ಉಳಿಯಿತು. ಕಾವಲಿನ ನೆಲದಲ್ಲಿರುವ ಪ್ರತಿ ಸಂಸ್ಥೆ ಇಲ್ಲಿ ಮಾಡುವ ವಾರ್ಷಿಕ ವೆಚ್ಚದ ನೂರಕ್ಕೆ ಒಂದು ಪಾಲನ್ನು ಈ ಎರಡು ತಾಲ್ಲೂಕುಗಳ ಜನರೊಡನೆ ನಡೆಸುವ ಕೆಲಸಕ್ಕೆ ಮೀಸಲಿಡಲಿ, ಅದರ ಲೆಕ್ಕವನ್ನು ಪ್ರತಿ ವರ್ಷ ಕನ್ನಡದಲ್ಲಿ ಪ್ರಕಟಿಸಲಿ. ರಾಜ್ಯ ಸರ್ಕಾರ ಹೊಸ ಆಸ್ಪತ್ರೆಯಷ್ಟು ದೊಡ್ಡ ಕಟ್ಟಡವನ್ನೇನೂ ಕಟ್ಟಬೇಕಿಲ್ಲ. ಈಗಿರುವ ಒಂದು ಶಾಲಾ ಆವರಣ, ಕನ್ನಡದಲ್ಲಿ ವಿವರಿಸಬಲ್ಲ ಕೆಲವು ಕಾಯಂ ಸಿಬ್ಬಂದಿ, ಒಂದು ಸಂಚಾರಿ ಪ್ರಯೋಗಾಲಯ ಆರಂಭಕ್ಕೆ ಸಾಕು. ಯಾವ ಪ್ರಶ್ನೆಗಳನ್ನು ಎತ್ತಿಕೊಳ್ಳಬೇಕೆಂದು ನಿರ್ಧರಿಸುವ ಸಮಿತಿಯಲ್ಲಿ ವಿಜ್ಞಾನಿಗಳಷ್ಟೇ ಸಂಖ್ಯೆಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯರು, ಶಿಕ್ಷಕರು, ಕುರಿಗಾಹಿಗಳು, ನೇಕಾರರು ಇರಬೇಕು. ಮೈಸೂರು ಸಂಸ್ಥಾನ 1907ರಲ್ಲಿ ಬೆಂಗಳೂರಿನಲ್ಲಿ 371 ಎಕರೆ ಕೊಟ್ಟದ್ದರಿಂದಲೇ ಭಾರತೀಯ ವಿಜ್ಞಾನ ಸಂಸ್ಥೆ ಅಲ್ಲಿ ಬೇರೂರಿತು. ಆ ಊರು ಒಂದು ಶತಮಾನದಲ್ಲಿ ಪಡೆದ ಶಾಲೆ, ಕಾಲೇಜು, ಉದ್ಯಮ, ಉದ್ಯೋಗಗಳ ಹಿಂದೆ ಆ ನೆಲದ ಪಾತ್ರವಿದೆ. ಚಳ್ಳಕೆರೆ ಅದರ ಹಲವು ಪಟ್ಟು ನೆಲ ಕೊಟ್ಟಿದೆ, ಅದೂ ತನ್ನ ದನದ ಮೇವಿನ ನೆಲವನ್ನು. ಸಂವಿಧಾನದ 51ಎ ವಿಧಿ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದನ್ನು ನಾಗರಿಕರ ಮೂಲಭೂತ ಕರ್ತವ್ಯವೆಂದು 1976ರಿಂದ ಹೇಳುತ್ತಿದೆ. ನಾಗರಿಕ ಆ ಕರ್ತವ್ಯ ಮಾಡಲು ಬೇಕಾದ ಅವಕಾಶ ಒದಗಿಸುವುದು ಸರ್ಕಾರದ ಕರ್ತವ್ಯ. ಚಿತ್ರದುರ್ಗ ಜಿಲ್ಲೆಯ ಶಾಸಕರೂ ಸಂಸದರೂ ಪಕ್ಷಭೇದ ಬಿಟ್ಟು, ಮುಂದಿನ ಬಜೆಟ್ ಅಧಿವೇಶನಕ್ಕೆ ಮೊದಲೇ ನಾಲ್ಕೂ ಸಂಸ್ಥೆಗಳ ಮುಖ್ಯಸ್ಥರನ್ನು ಒಂದೇ ಸಭೆಗೆ ಕರೆಯಬೇಕು. ಆ ಸಭೆ ಬೆಂಗಳೂರಿನಲ್ಲಾಗಲಿ ದೆಹಲಿಯಲ್ಲಾಗಲಿ ನಡೆಯುವುದು ಬೇಡ, ನಾಯಕನಹಟ್ಟಿಯಲ್ಲಿ ನಡೆಯಲಿ, ಜನರ ಎದುರಿಗೆ, ಕನ್ನಡದಲ್ಲಿ.